ಕೆತ್ತದ ಶಿಲ್ಪ, ಕಟ್ಟದ ಗುಮ್ಮಟ: ಚಿತ್ರಕಾರ ಸಹೋದರ ಮೊಸ್ಕೇನಿ

ಹುಣಸೂರಿನಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ಪಿರಿಯಾಪಟ್ಟಣವನ್ನು ದಾಟಿ, ಕುಶಾಲನಗರದ ಬಳಿ ಕಾವೇರಿಯನ್ನು ಹಾಯ್ದು, ಮಡಿಕೇರಿಯ ಎತ್ತರವನ್ನೇರಿ, ಸಂಪಾಜೆಯ ತಿರುವುಗಳಲ್ಲಿ ಇಳಿದು, ಸುಳ್ಯ ಪುತ್ತೂರುಗಳ ಮಾರ್ಗವಾಗಿ ಕಡಲತೀರದ ಮಂಗಳೂರನ್ನು ಸೇರುತ್ತದೆ. ಬಹಳ ವರ್ಷಗಳ ಹಿಂದೆ, ನಾನು ಹುಣಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಕಾಲದಲ್ಲಿ, ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಪ್ರವಾಸ ಹೋದದ್ದುಂಟು. ಸಮುದ್ರವನ್ನು ನೋಡುವುದು ಮಕ್ಕಳ ಆಸೆ. ಮಂಗಳೂರಿನ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ತೋರಿಸುವುದು ನನ್ನ ಆಸೆ. ಎರಡೂ ನೆರವೇರಿದುವು. ಆದರೆ ಆ ಮಂದಿರದೊಳಗೆ ಒಬ್ಬ ಹುಡುಗ ಕೇಳಿದ ಒಂದು ಪ್ರಶ್ನೆ ನನ್ನ ಬೆನ್ನು ಬಿಡದೆ ಊರಿಗೆ ಬಂದಿತು. ಇಂದಿಗೂ ನನ್ನ ಬಳಿಯೇ ಇದೆ.

ಹುಡುಗ ಹೆಗ್ಗಡದೇವನಕೋಟೆಯ ಕಡೆಯವನು. ಕಾಡಂಚಿನ ಹಳ್ಳಿಯಿಂದ ಬಂದು ಹುಣಸೂರಿನ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದುತ್ತಿದ್ದವನು. ಮರವನ್ನು ನೋಡಿದರೆ ಇದು ತೇಗ, ಇದು ಹೊನ್ನೆ, ಇದು ಬೀಟೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲವನು. ಮಂದಿರದ ಛಾವಣಿಯಲ್ಲಿ ಕಮಾನುಗಳ ಅಂಚನ್ನೂ, ದೇವದೂತರು ಹಿಡಿದ ಹೂಮಾಲೆಗಳನ್ನೂ ನೋಡಿ, ಅವನ್ನು ಯಾವ ಮರದಲ್ಲಿ ಕೆತ್ತಿದ್ದಾರೆಂದು ವಿಚಾರಿಸಿದನು. ಅದು ಕೆತ್ತನೆಯಲ್ಲ, ಬರಿಯ ಬಣ್ಣ. ನೆರಳು ಬೆಳಕುಗಳನ್ನು ಲೆಕ್ಕ ಹಾಕಿ ಬರೆದದ್ದರಿಂದ ಉಬ್ಬಿದಂತೆ ಕಾಣುತ್ತದೆ ಎಂದು ತಿಳಿಸಿದೆನು. ಹುಡುಗ ಬಹಳ ಹೊತ್ತು ಮೇಲೆ ನೋಡುತ್ತ ನಿಂತನು. ಆಮೇಲೆ, ಹಾಗಾದರೆ ಇದು ಸುಳ್ಳಲ್ಲವೆ, ದೇವರ ಮನೆಯಲ್ಲಿ ಸುಳ್ಳನ್ನು ಏಕೆ ಬರೆದರು ಎಂದು ಕೇಳಿದನು. ಪಕ್ಕದಲ್ಲಿ ಪ್ರಾರ್ಥನೆ ಮಾಡುತ್ತಿದ್ದವರಿದ್ದರು. ನಾನು ಗದರಿಸಿ ಸುಮ್ಮನಿರಿಸಿದೆನು. ನಿಜ ಹೇಳಬೇಕೆಂದರೆ, ಗದರಿಸಿದ್ದು ಪ್ರಾರ್ಥನೆಗೆ ಭಂಗ ಬರುವುದೆಂದಲ್ಲ, ನನ್ನಲ್ಲಿ ಉತ್ತರವಿರಲಿಲ್ಲವೆಂದು. ಆ ವರ್ಷ ಕಳೆದ ಮೇಲೆ ಹುಡುಗ ಶಾಲೆಗೆ ಬರಲಿಲ್ಲ. ಉತ್ತರವನ್ನು ಹುಡುಕುತ್ತ ನಾನು ಆ ಚಿತ್ರಗಳನ್ನು ಬರೆದ ಮಹನೀಯರ ಬಾಳನ್ನು ಓದಲಾರಂಭಿಸಿದೆನು. ಈ ಬರಹ ಆ ಓದಿನ ಫಲ.

ಆಂಟೋನಿಯೊ ಮೊಸ್ಕೇನಿಯವರು ಹುಟ್ಟಿದ್ದು 1854ನೆಯ ಇಸವಿ ಜನವರಿ 17ರಂದು, ಇಟಲಿಯ ಉತ್ತರಭಾಗದ ಲೊಂಬಾರ್ಡಿ ಪ್ರಾಂತದ ಸ್ಟೆಜ್ಜಾನೊ ಎಂಬ ಊರಿನಲ್ಲಿ. ಬೆರ್ಗಾಮೊ ನಗರಕ್ಕೆ ಅದು ಹತ್ತಿರ. ಆಗಿನ್ನೂ ಇಟಲಿ ಎಂಬುದು ಒಂದು ರಾಜ್ಯವಾಗಿರಲಿಲ್ಲ. ಲೊಂಬಾರ್ಡಿ ಆಸ್ಟ್ರಿಯದ ಅಧೀನದಲ್ಲಿತ್ತು. ಮೊಸ್ಕೇನಿಯವರು ಏಳು ವರ್ಷದ ಬಾಲಕರಾಗಿದ್ದಾಗ, 1861ರಲ್ಲಿ, ಇಟಲಿ ಒಂದು ರಾಜ್ಯವೆಂದು ಘೋಷಿತವಾಯಿತು. ಬಾಲ್ಯದಲ್ಲೇ ಚಿತ್ರ ಬರೆಯುವ ಕೈ ಕಾಣಿಸಿಕೊಂಡದ್ದರಿಂದ ಅವರನ್ನು ಬೆರ್ಗಾಮೊದ ಕರ್ರಾರ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಕಲಿತು, ಮುಂದೆ ರೋಮಿಗೆ ಹೋಗಿ, ವ್ಯಾಟಿಕನ್ನಿನ ಗೋಡೆ ಛಾವಣಿಗಳ ಮೇಲೆ ಪೂರ್ವಿಕರು ಬರೆದಿಟ್ಟ ಮಹಾಕೃತಿಗಳನ್ನು ಅಭ್ಯಾಸ ಮಾಡಿದರು. ಊರಿಗೆ ಹಿಂದಿರುಗಿ ತಮ್ಮ ಸೀಮೆಯ ಇಗರ್ಜಿಗಳ ಗೋಡೆಗಳನ್ನು ಚಿತ್ರಿಸುವ ಕೆಲಸವನ್ನು ಕೈಗೊಂಡರು. ಕೈತುಂಬ ಕೆಲಸವಿತ್ತು, ಹೆಸರೂ ಬರುತ್ತಿತ್ತು.

ಹಾಗಿರುವಲ್ಲಿ, 1889ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಆ ಚಿತ್ರಕಾರರು ಜೆಸುಯಿಟರ ಯೇಸುಸಭೆಯನ್ನು ಸೇರಿದರು. ಸೇರಿದ್ದು ಗುರುವಾಗಿ ಅಲ್ಲ, ಸಹೋದರನಾಗಿ. ಈ ಭೇದವನ್ನು ವಾಚಕರು ಗಮನಿಸಬೇಕು. ಸಭೆಯಲ್ಲಿ ದೀಕ್ಷೆ ಪಡೆದು ಪೂಜೆ ನಡೆಸುವವರು ಪಾದ್ರಿಗಳು. ಅವರ ಜೊತೆಗೆ, ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತವನ್ನು ತೊಟ್ಟು, ಪೂಜಾಧಿಕಾರವಿಲ್ಲದೆ ಉಳಿದು, ಮಠದ ಕೈಗೆಲಸಗಳನ್ನು ನಡೆಸುವವರು ಸಹೋದರರು. ಅಡಿಗೆ ಮಾಡುವವನು, ಬಟ್ಟೆ ಹೊಲಿಯುವವನು, ಮರಗೆಲಸದವನು, ಬಾಗಿಲು ಕಾಯುವವನು ಇವರೆಲ್ಲ ಸಹೋದರರೇ. ಚಿತ್ರ ಬರೆಯುವುದೂ ಅಂಥದೇ ಒಂದು ಕೈಗೆಲಸ. ಮೇಲಿನವರು ಎಲ್ಲಿಗೆ ಹೋಗೆಂದರೆ ಅಲ್ಲಿಗೆ ಹೋಗಬೇಕು, ಯಾವ ಗೋಡೆಯನ್ನು ತೋರಿಸಿದರೆ ಅದನ್ನು ಚಿತ್ರಿಸಬೇಕು, ಸಂಭಾವನೆ ತನ್ನದಲ್ಲ. ಬೇಡಿಕೆಯುಳ್ಳ ಚಿತ್ರಕಾರನೊಬ್ಬ ಈ ದಾರಿಯನ್ನು ತಾನಾಗಿ ಹಿಡಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಆದರೆ ಈ ದಾರಿಯನ್ನು ಹಿಡಿದವರಲ್ಲಿ ಅವರು ಮೊದಲಿಗರೇನೂ ಅಲ್ಲ. ಅವರಿಗಿಂತ ಎರಡು ಶತಮಾನ ಮೊದಲು ಇದೇ ಸಭೆಯಲ್ಲಿ ಇದೇ ಸಹೋದರ ಪದವಿಯಲ್ಲಿದ್ದ ಇನ್ನೊಬ್ಬ ಚಿತ್ರಕಾರನನ್ನು ಅರಿಯದೆ ಮಂಗಳೂರಿನ ಛಾವಣಿಯನ್ನು ಅರಿಯುವುದು ಕಷ್ಟ. ಆತನ ಹೆಸರು ಆಂದ್ರೆಯಾ ಪೊಜ್ಜೊ. ಆಲ್ಪ್ಸ್ ಪರ್ವತಗಳ ನಡುವಣ ಟ್ರೆಂಟೊ ನಗರದಲ್ಲಿ 1642ರ ನವೆಂಬರ್ 30ರಂದು ಹುಟ್ಟಿ, 1665ರ ಕ್ರಿಸ್‌ಮಸ್ ದಿನ ಮಿಲಾನಿನಲ್ಲಿ ಸಭೆಯನ್ನು ಸೇರಿದವನು. ನಮ್ಮ ನಾಡಿಗೂ ಆ ಕಾಲಕ್ಕೂ ಒಂದು ಎಳೆಯ ಸಂಬಂಧವಿದೆ. ಪೊಜ್ಜೊ ಇನ್ನೂ ಆರೇಳು ವರ್ಷದ ಹುಡುಗನಾಗಿದ್ದಾಗ, 1648-49ರ ಸುಮಾರಿನಲ್ಲಿ, ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಮೈಸೂರು ಮಿಷನ್ನಿಗೆ ತಳಹದಿ ಹಾಕಿದನು.

ಪೊಜ್ಜೊ ಬಾಳಿದ್ದು ಯೂರೋಪಿನ ಕಲೆಯಲ್ಲಿ ಬರೋಕ್ ಎಂದು ಹೆಸರಾದ ಯುಗದಲ್ಲಿ. ನಿಂತದ್ದನ್ನು ಚಲಿಸುವಂತೆ, ಮುಚ್ಚಿದ್ದನ್ನು ತೆರೆದಂತೆ, ಭಾರವಾದದ್ದನ್ನು ಹಾರುವಂತೆ ತೋರಿಸಿ ನೋಡುವವನ ಮನಸ್ಸನ್ನು ಸೂರೆಗೊಳ್ಳುವುದು ಆ ಯುಗದ ಕಲೆಯ ಹಂಬಲ. ಪೊಜ್ಜೊ ಅದರಲ್ಲಿ ಪಾರಂಗತ. 1681ರಲ್ಲಿ ಆತನನ್ನು ರೋಮಿಗೆ ಕರೆಸಿಕೊಂಡರು. ಅಲ್ಲಿ ಸಭೆಯ ಸ್ಥಾಪಕನಾದ ಸಂತ ಇಗ್ನೇಷಿಯಸನ ಹೆಸರಿನ ದೊಡ್ಡ ಇಗರ್ಜಿಯಿತ್ತು. 1626ರಲ್ಲಿ ಆರಂಭವಾದ ಕಟ್ಟಡ; ನಡುವೆ ಒಂದು ಗುಮ್ಮಟ ಏಳಬೇಕಾಗಿತ್ತು, ಏಳಲಿಲ್ಲ. ಗುಮ್ಮಟವಿರಬೇಕಾದ ಜಾಗ ಚಪ್ಪಟೆಯಾಗಿ ಉಳಿದಿತ್ತು. ಪೊಜ್ಜೊ 1685ರಲ್ಲಿ ಭಾರಿ ಗಾತ್ರದ ಕ್ಯಾನ್ವಾಸಿನ ಮೇಲೆ ಒಂದು ಗುಮ್ಮಟವನ್ನು ಒಳಗಿನಿಂದ ಕಾಣುವಂತೆ ಬರೆದು, ಆ ಜಾಗಕ್ಕೆ ಎತ್ತಿ ಕೂಡಿಸಿದನು. ಬಾಗಿಲಿನಿಂದ ಬರುವವರಿಗೆ ಕಂಬಗಳು, ಕಿಟಕಿಗಳು, ಅವುಗಳ ಮೇಲೆ ಕಮಾನು ಎಲ್ಲವೂ ಆಕಾಶಕ್ಕೆ ಏರಿದಂತೆ ಕಾಣುತ್ತಿತ್ತು. ಕಟ್ಟದ ಗುಮ್ಮಟ ಹೀಗೆ ಕಣ್ಣಿಗೆ ದೊರೆಯಿತು.

ಅನಂತರ ಅದೇ ಇಗರ್ಜಿಯ ಉದ್ದನೆಯ ಕಮಾನುಛಾವಣಿಯನ್ನು ಚಿತ್ರಿಸುವ ಕೆಲಸ ಆತನಿಗೆ ಬಂದಿತು. 1694ರ ಹೊತ್ತಿಗೆ ಅದು ಮುಗಿಯಿತು. ಈ ಛಾವಣಿಗೆಂದು ಪೊಜ್ಜೊ ಮೊದಲು ಮಾಡಿಕೊಂಡ ಒಂದು ರೇಖಾಚಿತ್ರ ಉಳಿದುಬಂದಿದೆ. ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಅದರ ಅಚ್ಚಿನ ಪ್ರತಿಯನ್ನು ನಾನು ಅನೇಕ ಸಂಜೆಗಳನ್ನು ಕಳೆದು ನೋಡಿದ್ದೇನೆ. ಲೇಖನಿಯಿಂದ ಮಸಿಯಲ್ಲಿ ಗೆರೆಗಳನ್ನು ಎಳೆದು, ನೀರು ಬೆರೆಸಿ ತೆಳುಗೊಳಿಸಿದ ಬೂದು ಕಂದು ಬಣ್ಣಗಳನ್ನು ಕುಂಚದಿಂದ ಹಾಯಿಸಿ ನೆರಳು ತುಂಬಿದ ಚಿತ್ರ. ಇದನ್ನೇ ನಮ್ಮ ಚಿತ್ರಶಾಲೆಗಳಲ್ಲಿ ವಾಷ್ ಕೊಡುವುದು ಎನ್ನುತ್ತಾರೆ. ಬಣ್ಣವೆಂದರೆ ಇಷ್ಟೆ. ಆದರೆ ಗೆರೆಗಳ ಒಂದೊಂದು ಕಂಬವೂ ಕೆಳಗಿನಿಂದ ಕತ್ತೆತ್ತಿ ನೋಡಿದವನ ಕಣ್ಣಿಗೆ ಹೇಗೆ ಕಾಣಬೇಕೋ ಹಾಗೆ ಒಳಕ್ಕೆ ಬಾಗಿ, ಒಂದೇ ಬಿಂದುವಿನ ಕಡೆಗೆ ಓಡುತ್ತದೆ. ಕಂಬದ ಮೇಲೆ ಕಮಾನು, ಕಮಾನಿನ ಮೇಲೆ ಮತ್ತೆ ಕಂಬ. ಎಲ್ಲದರ ನಡುವೆ ತೆರೆದ ಆಕಾಶ.

ಆ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಆಕಾಶವೇ. ಅಲ್ಲಿ ಏನೂ ಇಲ್ಲ. ಬರಿಯ ಕಾಗದ. ಮುಗಿದ ಛಾವಣಿಯಲ್ಲಿ ಸಂತ ಇಗ್ನೇಷಿಯಸನು ಮೋಡಗಳ ನಡುವೆ ಏರುತ್ತಾನೆ. ದೇವರಿಂದ ಹೊರಟ ಬೆಳಕು ಆತನ ಎದೆಯನ್ನು ಮುಟ್ಟಿ, ಅಲ್ಲಿಂದ ನಾಲ್ಕಾಗಿ ಸೀಳಿ ನಾಲ್ಕು ಖಂಡಗಳ ಕಡೆಗೆ ಹರಿಯುತ್ತದೆ. ನೂರಾರು ಆಕೃತಿಗಳು ಗಾಳಿಯಲ್ಲಿ ತೇಲುತ್ತವೆ. ಮಸಿಯ ಚಿತ್ರದಲ್ಲಾದರೋ ಸಂತನೂ ಇಲ್ಲ, ದೇವದೂತನೂ ಇಲ್ಲ. ಬರಲಿರುವವರಿಗಾಗಿ ಮನೆಯನ್ನು ಕಟ್ಟಿ, ಗುಡಿಸಿ, ಬಾಗಿಲು ತೆರೆದಿಟ್ಟಂತಿದೆ. ಧಾರ್ಮಿಕ ಚಿತ್ರವೆಂದರೆ ದೇವರ ಮುಖವನ್ನು ಬರೆಯುವುದು ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಅಳತೆಯೇ ಪ್ರಾರ್ಥನೆಯಾಗಿದೆ.

ಈ ಸಣ್ಣ ಕಾಗದದ ಗೆರೆಗಳನ್ನು ಬಾಗಿದ ದೊಡ್ಡ ಛಾವಣಿಗೆ ಸಾಗಿಸಿದ ಬಗೆಯೂ ಅಷ್ಟೇ ಸ್ವಾರಸ್ಯವಾದುದು. ಕಾಗದದ ಮೇಲೆ ಚೌಕಗಳ ಜಾಲವನ್ನು ಎಳೆದುಕೊಳ್ಳುವುದು. ಛಾವಣಿ ಬಾಗಲು ತೊಡಗುವ ಎತ್ತರದಲ್ಲಿ ಗೋಡೆಯಿಂದ ಗೋಡೆಗೆ ದಾರಗಳನ್ನು ಬಿಗಿದು ಅಷ್ಟೇ ಚೌಕಗಳ ಬಲೆಯನ್ನು ಕಟ್ಟುವುದು. ನೋಡುವವನ ಕಣ್ಣು ಇರಬೇಕಾದ ಜಾಗದಲ್ಲಿ ದೀಪವಿಟ್ಟರೆ ಬಲೆಯ ನೆರಳು ಛಾವಣಿಯ ಮೇಲೆ ಬೀಳುತ್ತದೆ. ಬೆಳಕು ಮುಟ್ಟದ ದೂರವಾದರೆ ಕಣ್ಣಿನ ಜಾಗದಿಂದ ದಾರ ಹಿಡಿದು ಗುರುತು ಮಾಡುವುದು. ಕೆ.ಆರ್. ನಗರದ ಗದ್ದೆಬಯಲಿನಲ್ಲಿ ಹಗ್ಗ ಹಿಡಿದು ಸಾಲು ನಾಟಿ ಮಾಡುವವರನ್ನು ಕಂಡಾಗಲೆಲ್ಲ ನನಗೆ ಪೊಜ್ಜೊನ ದಾರಗಳು ನೆನಪಾಗುತ್ತವೆ. ಯಾವ ಮಾಯೆಯೂ ಇಲ್ಲ. ದಾರ, ದೀಪ, ತಾಳ್ಮೆ.

ಇಂಥ ಚಿತ್ರಕ್ಕೆ ಒಂದು ಕೊರತೆಯುಂಟು. ಅದು ಒಂದೇ ಸ್ಥಾನದಿಂದ ಸರಿಯಾಗಿ ಕಾಣುತ್ತದೆ. ಆ ಸ್ಥಾನವನ್ನು ಬಿಟ್ಟು ಹತ್ತು ಹೆಜ್ಜೆ ಸರಿದರೆ ಕಂಬಗಳು ವಾಲುತ್ತವೆ, ಗುಮ್ಮಟ ಸೊಟ್ಟಗಾಗುತ್ತದೆ. ಪೊಜ್ಜೊನ ಕಾಲದಲ್ಲೇ ಇದನ್ನು ದೋಷವೆಂದು ಎತ್ತಿ ಆಡಿದವರಿದ್ದರು. ಆತ ಮುಚ್ಚಿಡಲಿಲ್ಲ. ಇಗರ್ಜಿಯ ನೆಲದಲ್ಲಿ ಗುಂಡನೆಯ ಅಮೃತಶಿಲೆಯ ಬಿಲ್ಲೆಗಳಿವೆ. ನಿಲ್ಲಬೇಕಾದ ಜಾಗ ಇದು ಎಂದು ಅವು ತೋರಿಸುತ್ತವೆ. ಅಷ್ಟೇ ಅಲ್ಲ, 1693ರಲ್ಲಿ ಒಂದು, 1698ರಲ್ಲಿ ಇನ್ನೊಂದು ಹೀಗೆ ಎರಡು ಸಂಪುಟಗಳಲ್ಲಿ ಆತ ತನ್ನ ವಿದ್ಯೆಯನ್ನೆಲ್ಲ ಚಿತ್ರಸಹಿತವಾಗಿ ಅಚ್ಚು ಹಾಕಿಸಿದನು. ಎಲ್ಲ ಗೆರೆಗಳೂ ಒಂದೇ ಬಿಂದುವಿಗೆ ಸೇರುವಂತೆ ಬರೆಯಬೇಕು, ಆ ಬಿಂದು ದೇವರ ಮಹಿಮೆಯೇ ಆಗಿರಬೇಕು ಎಂಬುದು ಕಲಿಯುವವರಿಗೆ ಆತ ಕೊಟ್ಟ ಬುದ್ಧಿವಾದದ ತಾತ್ಪರ್ಯ. ಪುಸ್ತಕ 1707ರಲ್ಲಿ ಇಂಗ್ಲಿಷಿಗೆ ಬಂದಿತು. ಚೀನ ದೇಶದಲ್ಲಿ ಕಾಸ್ತಿಲ್ಯೋನೆ ಎಂಬ ಇನ್ನೊಬ್ಬ ಸಹೋದರ ಚಿತ್ರಕಾರ ಚಕ್ರವರ್ತಿಗಳ ಆಸ್ಥಾನದಲ್ಲಿದ್ದನು. ಆತನ ನೆರವಿನಿಂದ ನಿಯೆನ್ ಶಿಯಾವೊ ಎಂಬ ಅಧಿಕಾರಿ 1729ರಲ್ಲಿ ಈ ವಿದ್ಯೆಯನ್ನು ಚೀನೀ ಭಾಷೆಯ ಗ್ರಂಥವಾಗಿಸಿದನು. ಪೊಜ್ಜೊ ಚಕ್ರವರ್ತಿ ಲಿಯೊಪೋಲ್ಡನ ಕರೆಯ ಮೇರೆಗೆ ವಿಯೆನ್ನಾಕ್ಕೆ ಹೋಗಿ ಅಲ್ಲಿಯೂ ಒಂದು ಸುಳ್ಳುಗುಮ್ಮಟವನ್ನು ಬರೆದು, 1709ರ ಆಗಸ್ಟ್ 31ರಂದು ಅಲ್ಲಿಯೇ ತೀರಿಕೊಂಡನು.

ಇನ್ನೊಂದು ಸಂಗತಿ. ರೋಮಿನ ಅದೇ ಇಗರ್ಜಿಯಲ್ಲಿ ಸಂತ ಅಲೋಶಿಯಸ್ ಗೊಂಜಾಗನ ಸಮಾಧಿಪೀಠವಿದೆ. ಅದನ್ನು ಯೋಜಿಸಿದವನೂ ಪೊಜ್ಜೊನೇ. ಅಲೋಶಿಯಸ್ 1568ರಲ್ಲಿ ಇಟಲಿಯ ಸಣ್ಣ ಪಾಳೆಯಪಟ್ಟೊಂದರ ಹಿರಿಯ ಮಗನಾಗಿ ಹುಟ್ಟಿದನು. ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಭೆಯನ್ನು ಸೇರಿ, 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಜಾಡ್ಯ ಹಬ್ಬಿದಾಗ ರೋಗಿಗಳನ್ನು ಹೊತ್ತು ಸೇವೆ ಮಾಡುತ್ತ ತಾನೂ ಅದಕ್ಕೆ ಸಿಕ್ಕಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಡಿದನು. 1726ರಲ್ಲಿ ಸಂತನೆಂದು ಘೋಷಿತನಾದನು. ವಿದ್ಯಾರ್ಥಿಗಳ ಪಾಲಿನ ಸಂತನೆಂದು ಮಾನ್ಯನಾದನು. ಮಂಗಳೂರಿನ ಕಾಲೇಜು ಹೊತ್ತದ್ದು ಈತನ ಹೆಸರನ್ನೇ. ಹೀಗೆ, ಸಹೋದರ ಪೊಜ್ಜೊ ರೋಮಿನಲ್ಲಿ ಯಾವ ಸಂತನ ಸಮಾಧಿಯನ್ನು ಅಲಂಕರಿಸಿದನೋ ಅದೇ ಸಂತನ ಮಂದಿರವನ್ನು ಎರಡು ನೂರು ವರ್ಷಗಳ ತರುವಾಯ ಕನ್ನಡ ಕರಾವಳಿಯಲ್ಲಿ ಸಹೋದರ ಮೊಸ್ಕೇನಿ ಅಲಂಕರಿಸಬೇಕಾಯಿತು.

ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದಿಳಿದದ್ದು 1878ರ ಕಡೆಯ ದಿನ. 1880ರಲ್ಲಿ ಕಾಲೇಜನ್ನು ಆರಂಭಿಸಿದರು. ಅದೇ ದಶಕದಲ್ಲಿ ಗುಡ್ಡದ ಮೇಲೆ ಪ್ರಾರ್ಥನಾಮಂದಿರ ಎದ್ದಿತು. ಹೊರಗಿನಿಂದ ಅದು ಸರಳವಾದ ಕಟ್ಟಡ; ಅದನ್ನು ನೋಡಿ ಒಳಗಿನ ಸಂಪತ್ತನ್ನು ಊಹಿಸಲಾಗದು. ಒಳಗಿನ ಗೋಡೆಗಳನ್ನು ಬರಿದಾಗಿ ಬಿಡಬಾರದೆಂದು ಬಗೆದು ಮೇಲಿನವರು ಒಬ್ಬ ಚಿತ್ರಕಾರನನ್ನು ಬಯಸಿದರು. 1898ರಲ್ಲಿ ಮೊಸ್ಕೇನಿಯವರು ಬಂದರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಆಲ್ಪ್ಸ್ ಬೆಟ್ಟಗಳ ತಪ್ಪಲಿನ ತಂಪಿನಲ್ಲಿ ಬೆಳೆದ ದೇಹ. ಕಂಡದ್ದು ಕರಾವಳಿಯ ಸೆಕೆ, ಜೂನ್ ತಿಂಗಳಿನಿಂದ ಬಿಡದೆ ಸುರಿಯುವ ಮಳೆ.

ಅವರು ಗೋಡೆಗಳಿಗೆ ಆರಿಸಿಕೊಂಡದ್ದು ಫ್ರೆಸ್ಕೊ ಎಂಬ ಹಸಿಗಾರೆಯ ವಿಧಾನ. ನಮ್ಮ ಹಳ್ಳಿಗಳಲ್ಲಿ ಒಣಗಿದ ಗೋಡೆಗೆ ಸುಣ್ಣ ಬಳಿದು ಅದರ ಮೇಲೆ ಕೆಮ್ಮಣ್ಣಿನಿಂದ ಬರೆಯುತ್ತಾರೆ. ಅದು ಮೇಲಿನ ಲೇಪವಷ್ಟೆ, ಮಳೆ ತಾಗಿದರೆ ಕರಗುತ್ತದೆ. ಫ್ರೆಸ್ಕೊ ಹಾಗಲ್ಲ. ಸುಣ್ಣ ಮರಳುಗಳ ಗಾರೆಯನ್ನು ನುಣ್ಣಗೆ ಮೆತ್ತಿ, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯೊಡನೆ ಕೂಡಿ ಮತ್ತೆ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೆ ಸೆರೆಯಾಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಎಷ್ಟು ಬರೆಯಬಲ್ಲೆನೋ ಅಷ್ಟೇ ಗಾರೆ ಹಾಕಬೇಕು. ಗಾರೆ ಕಾಯುವುದಿಲ್ಲ. ತಪ್ಪಿದರೆ ಒರಸಿ ತಿದ್ದುವಂತಿಲ್ಲ. ಆ ಭಾಗವನ್ನೇ ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಹಸಿಯಲ್ಲಿ ಗಾಢವಾಗಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ನಾಳೆ ಹೇಗೆ ಕಾಣುವುದೆಂಬುದನ್ನು ಇಂದೇ ಊಹಿಸಿ ಹಚ್ಚಬೇಕು. ಛಾವಣಿಗೆ ಮಾತ್ರ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದು ಅಳವಡಿಸಿದರು.

ಸುಮಾರು ಎರಡೂವರೆ ವರ್ಷ ಹಲಗೆಯ ಅಟ್ಟಣೆಯ ಮೇಲೆ ನಿಂತು, ಕತ್ತೆತ್ತಿ, ಅವರು ನೂರಾರು ಚದರ ಮೀಟರಿನಷ್ಟು ಜಾಗವನ್ನು ತುಂಬಿದರು. ಛಾವಣಿಯ ನಡುವೆ ಅಲೋಶಿಯಸನ ಬಾಳು. ಇಳಿಜಾರುಗಳಲ್ಲಿ ಯೇಸುವಿನ ಶಿಷ್ಯರು. ಕಮಾನುಗಳಲ್ಲಿ ಸಂತರು, ಹೂಮಾಲೆ ಹಿಡಿದ ದೇವದೂತರು. ರೋಗಿಗಳ ಸೇವೆಯಲ್ಲಿ ತೊಡಗಿದ ಅಲೋಶಿಯಸನ ಚಿತ್ರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಅಲಂಕಾರಗಳಲ್ಲಿ ಎಷ್ಟೋ ಕೈಚಳಕವಿದೆ; ಆದರೆ ಕುಸಿದವನನ್ನು ಎತ್ತಿಹಿಡಿದ ತೋಳಿನಲ್ಲಿ ಕೈಚಳಕವನ್ನು ಮೀರಿದ ಏನೋ ಇದೆ. ಹಾರುವ ದೇವದೂತನಿಗೆ ತೂಕವಿಲ್ಲದಂತೆ ಬರೆದವರು ಬಿದ್ದ ಮನುಷ್ಯನಿಗೆ ಪೂರ್ಣ ತೂಕವನ್ನು ಕೊಟ್ಟಿದ್ದಾರೆ. 1901ರಲ್ಲಿ ಕೆಲಸ ಮುಗಿಯಿತು. ಕಡಲಗಾಳಿಯ ತೇವಕ್ಕೆ ಚಿತ್ರಗಳು ಕ್ರಮೇಣ ಮಸುಕಾದುವು. 1990ರ ದಶಕದಲ್ಲಿ ಸಂರಕ್ಷಣಾ ತಜ್ಞರು ಅವನ್ನು ಶುದ್ಧಿಗೊಳಿಸಿ ಉಳಿಸಿದರು.

ಮೊಸ್ಕೇನಿಯವರಿಗೆ ವಿಶ್ರಾಂತಿ ದೊರೆಯಲಿಲ್ಲ. ಅವರು ಬಯಸಿದಂತೆಯೂ ತೋರುವುದಿಲ್ಲ. ಮಂಗಳೂರಿನಲ್ಲೇ ಜೆಪ್ಪುವಿನ ಸೆಮಿನರಿಯ ಇಗರ್ಜಿ, ಆಮೇಲೆ ಕಲ್ಲಿಕೋಟೆ, ಮುಂಬಯಿ ಹೀಗೆ ಕರೆ ಬಂದಲ್ಲಿಗೆಲ್ಲ ಕುಂಚವನ್ನು ಹಿಡಿದು ಹೋದರು. ಕಡೆಯದಾಗಿ ಕೊಚ್ಚಿಯ ಸಾಂತಾಕ್ರೂಸ್ ಇಗರ್ಜಿ. ಮಂಗಳೂರಿನ ಡಿಗಾಮ ಎಂಬ ಶಿಷ್ಯರು ಅಲ್ಲಿ ಅವರಿಗೆ ನೆರವಾದರು. ಯೇಸುವಿನ ಯಾತನೆಯ ದೃಶ್ಯಗಳನ್ನೂ, ಲಿಯೊನಾರ್ದೊ ದ ವಿಂಚಿಯ ಮಾದರಿಯನ್ನು ಅನುಸರಿಸಿದ ಕಡೆಯ ಭೋಜನದ ಚಿತ್ರವನ್ನೂ ಅಲ್ಲಿ ಬರೆದರು. ಇಗರ್ಜಿಯ ಪ್ರತಿಷ್ಠೆ 1905ರ ನವೆಂಬರ್ 19ರಂದು ನಡೆಯಿತು. ಚಿತ್ರಕಾರರು ಅದನ್ನು ನೋಡಲಿಲ್ಲ. ನಾಲ್ಕು ದಿನ ಮೊದಲು, 15ರಂದು, ಅವರು ಕಣ್ಣುಮುಚ್ಚಿದ್ದರು. ವಯಸ್ಸು ಐವತ್ತೊಂದು. ಭಾರತದಲ್ಲಿ ಅವರು ಬಾಳಿದ್ದು ಏಳು ವರ್ಷ; ತಮ್ಮ ನಾಡನ್ನು ಮತ್ತೆ ಕಾಣಲಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರೋಣ. ದೇವರ ಮನೆಯಲ್ಲಿ ಸುಳ್ಳನ್ನು ಏಕೆ ಬರೆದರು?

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಕಲೆಯಲ್ಲಿ ಎಲ್ಲವೂ ನಿರ್ದೋಷವಲ್ಲ. ರೋಮಿನ ಛಾವಣಿಯಲ್ಲಿ ನಮ್ಮ ಏಷ್ಯಾ ಖಂಡ ಒಂಟೆಯ ಮೇಲೆ ಕುಳಿತ ಹೆಂಗಸು. ಆಫ್ರಿಕಕ್ಕೆ ಮೊಸಳೆಯ ವಾಹನ. ಬೆಳಕೆಲ್ಲ ಯೂರೋಪಿನ ಸಂತನ ಎದೆಯಿಂದಲೇ ಹೊರಟು ಇವರಿಗೆ ತಲುಪಬೇಕು. ಬುದ್ಧನೂ ಬಸವಣ್ಣನೂ ಹುಟ್ಟಿದ ನೆಲದವರು ಇದನ್ನು ನೋಡಿ ನಸುನಗದಿರಲಾರರು. ಒಂದೇ ಸ್ಥಾನದಿಂದ ಎಲ್ಲವನ್ನೂ ನೋಡುವ ಕಣ್ಣಿಗೆ ಬೇರೆಯವರು ಸೊಟ್ಟಗೆ ಕಾಣುವುದುಂಟು. ಇದು ಪೊಜ್ಜೊನ ದೋಷವೆನ್ನುವುದಕ್ಕಿಂತ ಆ ಯುಗದ ಯೂರೋಪಿನ ಅಹಂಕಾರವೆನ್ನಬೇಕು.

ಆದರೆ ಸುಳ್ಳು ಎಂಬ ಮಾತು? ಸುಳ್ಳಿನ ಲಕ್ಷಣ ಮೋಸ ಹೋದವನಿಗೆ ತಿಳಿಯದಿರುವುದು. ಕಳ್ಳನು ತನ್ನ ಕೀಲಿಕೈಯ ನಕ್ಷೆಯನ್ನು ಅಚ್ಚು ಹಾಕಿಸಿ ಹಂಚುವುದಿಲ್ಲ. ಪೊಜ್ಜೊ ತನ್ನ ದಾರವನ್ನೂ ದೀಪವನ್ನೂ ಲೋಕಕ್ಕೆಲ್ಲ ತೋರಿಸಿಕೊಟ್ಟನು. ನೆಲದ ಮೇಲಿನ ಗುರುತು, ಇಲ್ಲಿ ನಿಂತರೆ ಗುಮ್ಮಟ, ಸರಿದರೆ ಬಟ್ಟೆ ಎಂದು ಸಾರುತ್ತದೆ. ಬಯಲಾಟದಲ್ಲಿ ರಾವಣನ ವೇಷ ಅಬ್ಬರಿಸುತ್ತ ಬಂದಾಗ ಮಕ್ಕಳು ಬೆದರುತ್ತವೆ. ಬೆಳಗಾದ ಮೇಲೆ ಅವನೇ ಬಂದು ಪಕ್ಕದ ಜಗಲಿಯಲ್ಲಿ ಕಾಫಿ ಕುಡಿಯುತ್ತಾನೆ. ಅವನನ್ನು ಸುಳ್ಳನೆಂದು ಯಾರೂ ಕರೆಯುವುದಿಲ್ಲ. ನೋಡುವವನ ಒಪ್ಪಿಗೆಯಿಂದ ನಡೆಯುವುದು ಆಟ. ಒಪ್ಪಿಗೆಯಿಲ್ಲದೆ ನಡೆಯುವುದು ಮೋಸ. ಹುಡುಗ ಕೇಳಿದ ಕೂಡಲೆ ಇದು ಕೆತ್ತನೆಯಲ್ಲವೆಂದು ನಾನು ಹೇಳಬಹುದಾಗಿತ್ತು, ಹೇಳಿದೆನು. ಆ ಬಣ್ಣ ತನ್ನನ್ನು ಮುಚ್ಚಿಕೊಳ್ಳಲಿಲ್ಲ.

ಉತ್ತರದ ಎರಡನೆಯ ಭಾಗ ಗೋಡೆಯಲ್ಲಿಲ್ಲ, ಬರೆದವರ ಬಾಳಿನಲ್ಲಿದೆ. ಅಲೋಶಿಯಸ್ ಪಟ್ಟವನ್ನು ಬಿಟ್ಟನು. ಮೊಸ್ಕೇನಿಯವರು ಏರುತ್ತಿದ್ದ ಹೆಸರನ್ನು ಬಿಟ್ಟರು. ಇಲ್ಲದ ಹೂಮಾಲೆಯನ್ನು ಇದೆಯೆಂದು ತೋರಿಸಿದ ಕೈ ತನಗಾಗಿ ಒಂದು ಹೂವನ್ನೂ ಇಟ್ಟುಕೊಳ್ಳಲಿಲ್ಲ. ನಮ್ಮಲ್ಲಿಯೂ ಇಂಥವರಿಗೆ ಕೊರತೆಯಿಲ್ಲ. ಮೈಸೂರು ಶೈಲಿಯ ಹಳೆಯ ಪಟಗಳಲ್ಲಿ ಚಿನ್ನದ ರೇಕಿನ ಉಬ್ಬುಗೆಲಸವನ್ನು ನೋಡುತ್ತೇವೆ, ಕೃಷ್ಣನ ಕಿರೀಟವನ್ನು ಮುಟ್ಟಿನೋಡಬೇಕೆನಿಸುತ್ತದೆ. ಬರೆದವರು ಯಾರೆಂದು ಕೇಳಿದರೆ ಬಹುಮಟ್ಟಿಗೆ ಮೌನವೇ ಉತ್ತರ. ಆ ಚಿತ್ರಗಾರರು ಹುಣಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ಗೆರೆಯನ್ನು ಎಳೆಯುತ್ತಿದ್ದರು. ಹುಣಸೆಯ ಹೆಸರನ್ನೇ ಹೊತ್ತ ಊರಿನಲ್ಲಿ ಚಿತ್ರಕಲೆ ಕಲಿಸಿದ ನನಗೆ ಈ ವಿಷಯ ತಿಳಿದದ್ದು ತಡವಾಗಿ. ತಿಳಿದ ಮೇಲೆ ಶಾಲೆಯಲ್ಲಿಯೂ ಹಾಗೆಯೇ ಇದ್ದಿಲು ಮಾಡಿಸಿದೆನು.

ಆಮೇಲಿನ ವರ್ಷಗಳಲ್ಲಿ ನನ್ನ ಪಾಠದ ರೀತಿಯೂ ಬದಲಾಯಿತು. ಪರ್ಸ್ಪೆಕ್ಟಿವ್ ಎಂಬ ಪಾಠ ಬಂದಾಗ, ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು ಎಂದು ಹಲಗೆಯ ಮೇಲೆ ಬರೆದು ಮುಗಿಸುತ್ತಿದ್ದವನು, ಮಕ್ಕಳನ್ನು ಶಾಲೆಯ ಉದ್ದನೆಯ ಜಗಲಿಗೆ ಕರೆದುಕೊಂಡು ಹೋಗತೊಡಗಿದೆನು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತವನ್ನು ಬರೆದು, ಒಬ್ಬೊಬ್ಬರನ್ನೇ ಅದರಲ್ಲಿ ನಿಲ್ಲಿಸಿ, ಕಂಬಗಳ ಸಾಲು ಎಲ್ಲಿ ಕೂಡುತ್ತದೆಂದು ತೋರಿಸೆನ್ನುತ್ತಿದ್ದೆನು. ಆಮೇಲೆ ವೃತ್ತದಿಂದ ಹೊರಕ್ಕೆ ಬರಮಾಡಿ ಮತ್ತೆ ಕೇಳುತ್ತಿದ್ದೆನು. ನಿಂತ ಜಾಗ ಬದಲಾದರೆ ಲೋಕ ಬದಲಾಗಿ ಕಾಣುತ್ತದೆ. ಆದ್ದರಿಂದ ಏನು ಕಂಡೆನೆಂದು ಹೇಳುವವನು ಎಲ್ಲಿ ನಿಂತು ಕಂಡೆನೆಂಬುದನ್ನೂ ಹೇಳಬೇಕು. ಚಿತ್ರಕಲೆಯಲ್ಲಿ ಪ್ರಾಮಾಣಿಕತೆ ಎಂದರೆ ಇದೇ ಎಂದು ಈಗ ನನಗೆ ತೋರುತ್ತದೆ.

ಒಮ್ಮೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೂ ಹೋಗಿದ್ದೆನು. 1960ರ ಈಚೆಗೆ ಅಲ್ಲಿ ನೆಲೆಸಿದ ಟಿಬೆಟನ್ನರ ಪಟಚಿತ್ರಗಳಲ್ಲಿ ಬುದ್ಧನ ಮುಖ ಮೂಡುವುದಕ್ಕೆ ಮೊದಲು ಬಟ್ಟೆಯ ಮೇಲೆ ಅಳತೆಯ ಗೆರೆಗಳು ಬೀಳುತ್ತವೆ. ಗೆರೆಗಳ ನಡುವೆ ಜಾಗ ಖಾಲಿ. ಅದನ್ನು ನೋಡುತ್ತ ನನಗೆ ಪೊಜ್ಜೊನ ಮಸಿಯ ಚಿತ್ರ ನೆನಪಾಯಿತು. ದೇಶ ಬೇರೆ, ದೇವರು ಬೇರೆ. ಬರುವವನಿಗಾಗಿ ಜಾಗವನ್ನು ಅಳೆದು ಇಡುವ ಶ್ರದ್ಧೆ ಒಂದೇ.

ಆ ಹುಡುಗ ಈಗ ನಡುವಯಸ್ಸನ್ನು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ; ಗದರಿಸಿದ ಮಾಸ್ತರು ತಪ್ಪು ಮಾಡಿದನು. ಈ ಪುರವಣಿ ಅವನ ಕೈಗೆ ಬಿದ್ದರೆ, ಇದನ್ನು ಓದಿ, ಸಾಧ್ಯವಾದರೆ ಇನ್ನೊಮ್ಮೆ ಮಂಗಳೂರಿನ ಗುಡ್ಡವನ್ನು ಹತ್ತಿ, ಆ ಹೂಮಾಲೆಯ ಕೆಳಗೆ ನಿಂತು ನೋಡಲಿ. ಅದು ಮರವಲ್ಲವೆಂಬುದು ಅವನಿಗೆ ತಿಳಿದಿದೆ. ತಿಳಿದ ಮೇಲೆಯೂ ಅದು ಅರಳಿದಂತೆಯೇ ಕಾಣುವುದು. ನನಗಂತೂ ಹಾಗೆಯೇ ಕಂಡಿದೆ.